ಯಮಾಟೊ: ಬಳಸಲು ಹಿಂಜರಿಯುವಷ್ಟು ದೊಡ್ಡದಾದ ಯುದ್ಧನೌಕೆಯ ಪ್ರಕರಣ

1945ರ ಏಪ್ರಿಲ್ 7ರ ಮಧ್ಯಾಹ್ನ ಜಪಾನಿನ ಕ್ಯೂಶು ದ್ವೀಪದ ನೈರುತ್ಯಕ್ಕೆ, ಪೂರ್ವ ಚೀನಾ ಸಮುದ್ರದಲ್ಲಿ, ಅದುವರೆಗೆ ಮನುಷ್ಯರು ಕಟ್ಟಿದ್ದ ಅತ್ಯಂತ ಭಾರವಾದ ಯುದ್ಧನೌಕೆ ಮಗುಚಿ, ಸಿಡಿದು, ಮುಳುಗಿತು. ಯಮಾಟೊ ಎಂಬ ಆ ಹಡಗನ್ನು ನೋಯಿಸಿದ್ದು ಅದರಷ್ಟೇ ದೊಡ್ಡ ಇನ್ನೊಂದು ಹಡಗಲ್ಲ. ಒಬ್ಬಿಬ್ಬರು ಅಥವಾ ಮೂವರು ಕೂರುವ ವಿಮಾನಗಳು. ಹಾಗಾಗಿ, ವಿಮಾನಗಳ ಕಾಲ ಬಂದದ್ದನ್ನು ಅರಿಯದ ಅಧಿಕಾರಿಗಳು ಹಳೆಯ ಕಾಲದ ಹಡಗೊಂದನ್ನು ಕಟ್ಟಿ ಕೈಸುಟ್ಟುಕೊಂಡರು ಎಂಬ ವಿವರಣೆ ಈ ಪ್ರಕರಣಕ್ಕೆ ಸಾಮಾನ್ಯವಾಗಿ ಸಿಗುತ್ತದೆ. ಅದು ಸುಳ್ಳಲ್ಲ, ಆದರೆ ಸಾಲದು. ಸಮುದ್ರದಲ್ಲಿ ವಿಮಾನಗಳ ಶಕ್ತಿಯನ್ನು ಜಗತ್ತಿಗೆ ದೊಡ್ಡ ಪ್ರಮಾಣದಲ್ಲಿ ತೋರಿಸಿಕೊಟ್ಟದ್ದು ಇದೇ ಜಪಾನಿ ನೌಕಾಪಡೆ. ಇದಲ್ಲದೆ, ಸೇವೆಗೆ ಸೇರಿದ ಮೇಲೆ ಸುಮಾರು ಮೂರು ವರ್ಷ ನಾಲ್ಕು ತಿಂಗಳು ತೇಲುತ್ತಿದ್ದ ಈ ನೌಕೆ ಶತ್ರುವಿನ ಹಡಗುಗಳ ಮೇಲೆ ತನ್ನ ಮುಖ್ಯ ಫಿರಂಗಿಗಳನ್ನು ಹಾರಿಸಿದ್ದು ಒಂದೇ ಒಂದು ಬೆಳಿಗ್ಗೆ ಎಂಬುದನ್ನು ಆ ವಿವರಣೆ ಬಿಡಿಸಿ ಹೇಳುವುದಿಲ್ಲ. ಗಾತ್ರವನ್ನು ಯಾವ ಸಮಸ್ಯೆಗೆ ಪರಿಹಾರವೆಂದು ಆರಿಸಿಕೊಳ್ಳಲಾಯಿತು, ಆ ಗಾತ್ರವೇ ಮುಂದೆ ಹಡಗನ್ನು ಹೇಗೆ ಕಟ್ಟಿಹಾಕಿತು ಎಂಬುದನ್ನು ಈ ಅಧ್ಯಯನ ನೋಡುತ್ತದೆ.

ಗಾತ್ರದ ಹಿಂದಿನ ಲೆಕ್ಕ

1922ರ ವಾಷಿಂಗ್ಟನ್ ನೌಕಾ ಒಪ್ಪಂದದ ಪ್ರಕಾರ ಬ್ರಿಟನ್, ಅಮೆರಿಕ ಮತ್ತು ಜಪಾನ್ ದೇಶಗಳ ಯುದ್ಧನೌಕೆಗಳ ಒಟ್ಟು ತೂಕ 5:5:3ರ ಪ್ರಮಾಣದಲ್ಲಿರಬೇಕಿತ್ತು. ಹೊಸ ನೌಕೆಯೊಂದು 35,000 ಟನ್ ಮೀರುವಂತಿರಲಿಲ್ಲ, ಅದರ ಫಿರಂಗಿಯ ಬಾಯಿ 16 ಅಂಗುಲಕ್ಕಿಂತ ಅಗಲವಾಗುವಂತಿರಲಿಲ್ಲ. ಟೋಕಿಯೊದ ನೌಕಾಧಿಕಾರಿಗಳಲ್ಲಿ ಒಂದು ಪ್ರಬಲ ಗುಂಪು ಇದನ್ನು ಅವಮಾನವೆಂದೇ ಕಂಡಿತು. 1934ರ ಡಿಸೆಂಬರಿನಲ್ಲಿ ಜಪಾನ್ ಒಪ್ಪಂದದಿಂದ ಹೊರಬರುವ ಸೂಚನೆ ಕೊಟ್ಟಿತು, 1936ರ ಕೊನೆಗೆ ಅದರ ಕಟ್ಟುಪಾಡುಗಳು ಮುಗಿದವು. ಆದರೆ ಕಟ್ಟುಪಾಡು ಹೋದರೂ ಕಾರ್ಖಾನೆಗಳ ಅಂತರ ಹೋಗುವುದಿಲ್ಲ. ಅಮೆರಿಕದ ಉಕ್ಕು, ಎಣ್ಣೆ, ಹಡಗುಕಟ್ಟೆಗಳ ಎದುರು ಸಂಖ್ಯೆಯ ಪೈಪೋಟಿಗೆ ನಿಂತರೆ 5:3ಕ್ಕಿಂತಲೂ ಕೆಟ್ಟ ಪ್ರಮಾಣ ಬರಬಹುದೆಂಬುದು ಜಪಾನಿನ ಯೋಜಕರಿಗೆ ಗೊತ್ತಿತ್ತು.

ಆದ್ದರಿಂದ ಸಂಖ್ಯೆಯ ಕೊರತೆಯನ್ನು ಒಂದೊಂದು ಹಡಗಿನ ಬಲದಿಂದ ತುಂಬಿಕೊಳ್ಳುವ ಯೋಚನೆ ಹುಟ್ಟಿತು. ಅದರ ಹಿಂದೆ ಜಾಣತನದ ಒಂದು ಎಣಿಕೆಯೂ ಇತ್ತು. ಅಮೆರಿಕದ ಯುದ್ಧನೌಕೆಗಳು ಅಟ್ಲಾಂಟಿಕ್ ಮತ್ತು ಪೆಸಿಫಿಕ್ ಸಾಗರಗಳ ನಡುವೆ ಪನಾಮಾ ಕಾಲುವೆಯ ಮೂಲಕವೇ ಓಡಾಡಬೇಕಿತ್ತು. ಆ ಕಾಲುವೆಯ ಜಲಬಂಧಗಳ ಅಗಲ ಸುಮಾರು 33.5 ಮೀಟರ್. 18 ಅಂಗುಲದ ಫಿರಂಗಿಗಳನ್ನೂ ಅದಕ್ಕೆ ತಕ್ಕ ಕವಚವನ್ನೂ ಹೊತ್ತ ಹಡಗು ಅಷ್ಟು ಅಗಲದೊಳಗೆ ಹಿಡಿಯುವುದಿಲ್ಲ. ಎಂದರೆ, ಜಪಾನ್ ಅಂಥ ನೌಕೆಯನ್ನು ಗುಟ್ಟಾಗಿ ಕಟ್ಟಿದರೆ, ಅಮೆರಿಕ ಅದನ್ನು ಅರಿತು, ಕಾಲುವೆಯ ಮಿತಿಯನ್ನು ಬಿಟ್ಟುಕೊಟ್ಟು, ಹೊಸ ವಿನ್ಯಾಸ ಮಾಡಿ ಮುಗಿಸುವವರೆಗೆ ಕೆಲವು ವರ್ಷಗಳ ಮೇಲುಗೈ ಸಿಗುತ್ತದೆ. ಪೆಸಿಫಿಕ್ ದಾಟಿ ಬರುವ ಅಮೆರಿಕದ ನೌಕಾದಳವನ್ನು ಜಲಾಂತರ್ಗಾಮಿಗಳಿಂದಲೂ ವಿಮಾನಗಳಿಂದಲೂ ದಾರಿಯುದ್ದಕ್ಕೂ ಸವೆಸಿ, ಕೊನೆಗೆ ಜಪಾನಿನ ಸಮೀಪದಲ್ಲಿ ಒಂದೇ ನಿರ್ಣಾಯಕ ಕದನದಲ್ಲಿ ಮುಗಿಸುವುದು ಆ ಪಡೆಯ ಬಹುಕಾಲದ ಯುದ್ಧಯೋಜನೆಯಾಗಿತ್ತು. ಆ ಕದನದ ಕೊನೆಯ ಅಂಕಕ್ಕೆ ಈ ಹಡಗು ಬೇಕಿತ್ತು.

ನೌಕಾಪಡೆಯೊಳಗೆ ವಿರೋಧ ಇಲ್ಲದಿರಲಿಲ್ಲ. ಅಡ್ಮಿರಲ್ ಯಮಾಮೊಟೊ ಇಸೊರೊಕು ಅಂಥವರು ಇದೇ ಹಣ ವಿಮಾನಗಳಿಗೆ ಹೋಗಬೇಕೆಂದು ವಾದಿಸಿದ್ದರು. ವಾದ ಸೋತಿತು, ವಿಪರ್ಯಾಸವೆಂದರೆ, ಮುಂದೆ ನೌಕಾದಳದ ಮುಖ್ಯ ದಂಡನಾಯಕರಾಗಿ ಅದೇ ಯಮಾಮೊಟೊ ತಮ್ಮ ಧ್ವಜವನ್ನು ಯಮಾಟೊದ ಮೇಲೆಯೇ ಏರಿಸಬೇಕಾಯಿತು.

ಹಡಗು

ಫುಕುಡಾ ಕೆಯಿಜಿ ನೇತೃತ್ವದಲ್ಲಿ, ಹಿರಿಯ ವಿನ್ಯಾಸಕಾರ ಹಿರಾಗಾ ಯುಜುರು ಅವರ ಸಲಹೆಯೊಂದಿಗೆ ವಿನ್ಯಾಸ ಸಿದ್ಧವಾಯಿತು. 1937ರ ನವೆಂಬರ್ 4ರಂದು ಕುರೆ ನೌಕಾ ಕಾರ್ಖಾನೆಯಲ್ಲಿ ಕೆಲಸ ಆರಂಭವಾಗಿ, 1940ರ ಆಗಸ್ಟ್ 8ರಂದು ಹಡಗು ನೀರಿಗಿಳಿದು, 1941ರ ಡಿಸೆಂಬರ್ 16ರಂದು ಸೇವೆಗೆ ಸೇರಿತು. ಉದ್ದ 263 ಮೀಟರ್, ಅಗಲ ಸುಮಾರು 39 ಮೀಟರ್, ಪೂರ್ತಿ ಹೊರೆಯೊಂದಿಗೆ ತೂಕ 72,000 ಟನ್ನಿನ ಆಸುಪಾಸು. ನಮ್ಮ ಓದುಗರಿಗೆ ಇದರ ಅಂದಾಜು ಸಿಗಬೇಕಾದರೆ, 2022ರಲ್ಲಿ ಭಾರತೀಯ ನೌಕಾಪಡೆಗೆ ಸೇರಿದ ವಿಮಾನವಾಹಕ ನೌಕೆ ವಿಕ್ರಾಂತ್ ನೆನಪಿಸಿಕೊಳ್ಳಬಹುದು: ಅದರ ಉದ್ದವೂ ಸುಮಾರು 262 ಮೀಟರೇ, ಆದರೆ ತೂಕ ಸುಮಾರು 45,000 ಟನ್. ಅಷ್ಟೇ ಉದ್ದದ ಯಮಾಟೊದಲ್ಲಿ ಹೆಚ್ಚುವರಿಯಾಗಿದ್ದ ತೂಕದ ಬಹುಪಾಲು ಕವಚದ ಉಕ್ಕು ಮತ್ತು ಫಿರಂಗಿಗಳದು.

ಫಿರಂಗಿಗಳು ಒಂಬತ್ತು, ಮೂರು ಗೋಪುರಗಳಲ್ಲಿ ಮೂರು ಮೂರರಂತೆ. ಒಂದೊಂದರ ಬಾಯಿಯ ವ್ಯಾಸ 46 ಸೆಂಟಿಮೀಟರ್. ಕವಚ ಭೇದಿಸುವ ಒಂದು ಗುಂಡಿನ ತೂಕ 1,460 ಕಿಲೊ, ಹಾರುವ ಗರಿಷ್ಠ ದೂರ 42 ಕಿಲೋಮೀಟರ್. ಒಂದು ಗೋಪುರದ ತೂಕವೇ 2,500 ಟನ್ ದಾಟುತ್ತಿತ್ತು. ಅದು ಆ ಕಾಲದ ಒಂದಿಡೀ ವಿನಾಶಕ ನೌಕೆಯ (ಡೆಸ್ಟ್ರಾಯರ್) ತೂಕ. ಹಡಗಿನ ಪಕ್ಕದ ಕವಚ 410 ಮಿಲಿಮೀಟರ್ ದಪ್ಪವಿದ್ದರೆ ಗೋಪುರಗಳ ಮುಖದ ಕವಚ 650 ಮಿಲಿಮೀಟರ್ ದಪ್ಪವಿತ್ತು. ಮೊದಲು ಡೀಸೆಲ್ ಮತ್ತು ಟರ್ಬೈನ್ ಎರಡನ್ನೂ ಬೆರೆಸುವ ಯೋಚನೆಯಿತ್ತು. ಬೇರೆ ಹಡಗಿನಲ್ಲಿ ದೊಡ್ಡ ಡೀಸೆಲ್ ಎಂಜಿನ್ನುಗಳು ಪದೇ ಪದೇ ತೊಂದರೆ ಕೊಟ್ಟದ್ದರಿಂದ ಅದನ್ನು ಬಿಟ್ಟು, ಹನ್ನೆರಡು ಬಾಯ್ಲರು ಮತ್ತು ನಾಲ್ಕು ಟರ್ಬೈನುಗಳನ್ನು ಇರಿಸಲಾಯಿತು. 1,50,000 ಅಶ್ವಶಕ್ತಿಯಿಂದ ಸಿಕ್ಕ ವೇಗ 27 ನಾಟ್, ಎಂದರೆ ಗಂಟೆಗೆ ಸುಮಾರು 50 ಕಿಲೋಮೀಟರ್. ಈ ಕೊನೆಯ ಅಂಕಿಯನ್ನು ಓದುಗರು ಮರೆಯಬಾರದು. ಪ್ರಕರಣದ ಒಂದು ತಿರುವು ಅದರಲ್ಲಿದೆ.

ಫಿರಂಗಿಯ ದೂರದ ವಿಷಯದಲ್ಲಿಯೂ ಒಂದು ಮಾತು ಹೇಳಬೇಕು. 42 ಕಿಲೋಮೀಟರ್ ಎಂಬ ಅಂಕಿ ಎಷ್ಟೇ ಬೆರಗುಗೊಳಿಸಿದರೂ, ಭೂಮಿ ಗುಂಡಾಗಿರುವುದರಿಂದ ಅಷ್ಟು ದೂರದ ಹಡಗು ಎತ್ತರದ ವೀಕ್ಷಣಾ ಗೋಪುರದಿಂದಲೂ ಸರಿಯಾಗಿ ಕಾಣುವುದಿಲ್ಲ. ಗುಂಡು ಅಲ್ಲಿಗೆ ತಲುಪಲು ಒಂದೂವರೆ ನಿಮಿಷ ಬೇಕು, ಅಷ್ಟರಲ್ಲಿ ಗುರಿಯ ಹಡಗು ಬೇರೆ ದಿಕ್ಕಿಗೆ ತಿರುಗಿರುತ್ತದೆ. ಗುಂಡು ಎಲ್ಲಿ ಬಿತ್ತೆಂದು ಮೇಲಿನಿಂದ ನೋಡಿ ಹೇಳಲು ವಿಮಾನ ಬೇಕು, ಅದಕ್ಕಾಗಿಯೇ ಯಮಾಟೊದ ಹಿಂಭಾಗದಲ್ಲಿ ಸಮುದ್ರವಿಮಾನಗಳಿದ್ದವು. ನಿಧಾನವಾದ ಆ ವಿಮಾನಗಳು ಆಕಾಶದಲ್ಲಿ ಉಳಿಯಬೇಕಾದರೆ ಅಲ್ಲಿ ಶತ್ರುವಿನ ಯುದ್ಧವಿಮಾನಗಳು ಇರಬಾರದು. ಅಂದರೆ, ಜಗತ್ತಿನ ಅತಿದೊಡ್ಡ ಫಿರಂಗಿ ತನ್ನ ಪೂರ್ಣ ಉಪಯೋಗಕ್ಕೆ ಬರಲು ಆಕಾಶವನ್ನು ಮೊದಲು ಬೇರೆ ಯಾರಾದರೂ ಗೆದ್ದುಕೊಡಬೇಕಿತ್ತು. ಈ ಅವಲಂಬನೆ ವಿನ್ಯಾಸದ ಹಂತದಲ್ಲಿಯೇ ಇತ್ತು. ಯುದ್ಧ ಅದನ್ನು ಬಯಲಿಗೆಳೆಯಿತು, ಅಷ್ಟೆ.

ಗುಟ್ಟಿನ ಬೆಲೆ

ಈ ಪ್ರಕರಣದಲ್ಲಿ ನನಗೆ ಅತ್ಯಂತ ವಿಚಿತ್ರವೆನಿಸುವುದು ಗುಟ್ಟು ಕಾಯ್ದ ಪರಿ. ಕುರೆಯಲ್ಲಿ ಡ್ರೈ ಡಾಕ್ ಮೇಲೆ ಚಾವಣಿ ಹೊದಿಸಲಾಯಿತು. ಜೋಡಿ ನೌಕೆ ಮುಸಾಶಿಯನ್ನು ಕಟ್ಟುತ್ತಿದ್ದ ನಾಗಸಾಕಿಯಲ್ಲಿ ಹಡಗನ್ನು ಮರೆಮಾಡಲು ನಾರಿನ ಹಗ್ಗದ ಪರದೆಗಳನ್ನು ಎಷ್ಟು ಪ್ರಮಾಣದಲ್ಲಿ ಇಳಿಬಿಡಲಾಯಿತೆಂದರೆ, ಮೀನುಗಾರರಿಗೆ ಬಲೆ ಹೆಣೆಯಲು ಹಗ್ಗ ಸಿಗುವುದೇ ಕಷ್ಟವಾಯಿತು. ಕುರೆಯಲ್ಲಿ ತಯಾರಾದ ಗೋಪುರಗಳನ್ನು ನಾಗಸಾಕಿಗೆ ಸಾಗಿಸಲೆಂದೇ ಕಶಿನೊ ಎಂಬ ಪ್ರತ್ಯೇಕ ಹಡಗನ್ನು ಕಟ್ಟಲಾಯಿತು. ಬಜೆಟ್ಟಿನಲ್ಲಿ ನಿಜವಾದ ವೆಚ್ಚ ತಿಳಿಯದಂತೆ, ಎಂದೂ ಕಟ್ಟದ ಸಣ್ಣ ಹಡಗುಗಳ ಹೆಸರಿನಲ್ಲಿ ಹಣ ತೋರಿಸಲಾಯಿತು. ಫಿರಂಗಿಗಳ ಅಧಿಕೃತ ಹೆಸರಿನಲ್ಲಿಯೇ 46ರ ಬದಲು 40 ಸೆಂಟಿಮೀಟರ್ ಎಂದು ಬರೆಯಲಾಯಿತು.

ಗುಟ್ಟು ಉಳಿಯಿತು, ಯುದ್ಧ ಮುಗಿಯುವವರೆಗೂ ಅಮೆರಿಕದವರಿಗೆ ಆ ಫಿರಂಗಿಗಳ ನಿಜವಾದ ಅಳತೆ ಖಚಿತವಾಗಿ ತಿಳಿಯಲಿಲ್ಲ. ಆದರೆ ಎದುರಾಳಿಗೆ ಗೊತ್ತಿಲ್ಲದ ಆಯುಧ ಎದುರಾಳಿಯನ್ನು ಹೆದರಿಸಲಾರದು. ಜಪಾನಿನ ಸಾಮಾನ್ಯ ಜನರಿಗೂ ಯುದ್ಧಕಾಲದಲ್ಲಿ ಪರಿಚಿತವಾಗಿದ್ದುದು ನಾಗಾಟೊ ಮತ್ತು ಮುತ್ಸು ಎಂಬ ಹಳೆಯ ನೌಕೆಗಳ ಹೆಸರು. ಯಮಾಟೊ ಎಂಬುದೊಂದು ಇದೆ ಎಂದು ಬಹುಪಾಲು ಜನ ಕೇಳಿದ್ದು ಯುದ್ಧ ಮುಗಿದ ಮೇಲೆ. ಹೀಗಾಗಿ ಶಾಂತಿಕಾಲದಲ್ಲಿ ಯುದ್ಧನೌಕೆಯೊಂದು ಮಾಡಬಹುದಾಗಿದ್ದ ರಾಜತಾಂತ್ರಿಕ ಕೆಲಸವೂ, ಯುದ್ಧಕಾಲದಲ್ಲಿ ಜನರಿಗೆ ಧೈರ್ಯ ತುಂಬುವ ಕೆಲಸವೂ ಇದಕ್ಕೆ ದಕ್ಕಲಿಲ್ಲ. ಉಳಿದದ್ದು ಕಾದಾಟ ಒಂದೇ.

ಪನಾಮಾ ಕಾಲುವೆಯ ಎಣಿಕೆಯೂ ತಲೆಕೆಳಗಾಯಿತು. ಅಮೆರಿಕ 1940ರಲ್ಲಿಯೇ ಕಾಲುವೆಯ ಮಿತಿಯನ್ನು ಮೀರುವ ಮೊಂಟಾನಾ ವರ್ಗದ ಐದು ನೌಕೆಗಳಿಗೆ ಒಪ್ಪಿಗೆ ಕೊಟ್ಟಿತ್ತು; 1943ರಲ್ಲಿ ಅವನ್ನು ಕಟ್ಟಲು ತೊಡಗುವ ಮೊದಲೇ ರದ್ದುಮಾಡಿತು. ಯಮಾಟೊವನ್ನು ಮೀರಿಸಬಲ್ಲ ಹಡಗನ್ನು ಕಟ್ಟುವ ಶಕ್ತಿಯೂ ಅದರ ಬಳಿ ಇತ್ತು, ಬೇಡವೆಂದು ಕೈಬಿಟ್ಟು ಹಡಗುಕಟ್ಟೆಗಳನ್ನು ವಿಮಾನವಾಹಕಗಳಿಗೆ ಬಿಟ್ಟುಕೊಡುವ ನಿರ್ಧಾರವೂ ಅದರಿಂದ ಸಾಧ್ಯವಾಯಿತು.

ಲಂಗರಿನಲ್ಲಿ ಕಳೆದ ಯುದ್ಧ

ಯಮಾಟೊ ಸೇವೆಗೆ ಸೇರುವ ಆರು ದಿನ ಮೊದಲು, 1941ರ ಡಿಸೆಂಬರ್ 10ರಂದು, ಮಲಯಾ ಕರಾವಳಿಯ ಬಳಿ ಜಪಾನಿನ ವಿಮಾನಗಳು ಬ್ರಿಟನ್ನಿನ ಪ್ರಿನ್ಸ್ ಆಫ್ ವೇಲ್ಸ್ ಮತ್ತು ರಿಪಲ್ಸ್ ನೌಕೆಗಳನ್ನು ಮುಳುಗಿಸಿದವು. ತೆರೆದ ಸಮುದ್ರದಲ್ಲಿ ಚಲಿಸುತ್ತ, ಎದುರು ಗುಂಡು ಹಾರಿಸುತ್ತಿದ್ದ ದೊಡ್ಡ ಯುದ್ಧನೌಕೆಗಳು ಬರೀ ವಿಮಾನದಾಳಿಯಿಂದ ಮುಳುಗಿದ್ದು ಅದೇ ಮೊದಲು. 1942ರ ಏಪ್ರಿಲಿನಲ್ಲಿ ಕೊಲಂಬೊ, ಟ್ರಿಂಕೊಮಲೆಗಳ ಮೇಲೂ ನಮ್ಮ ವಿಶಾಖಪಟ್ಟಣ, ಕಾಕಿನಾಡಗಳ ಮೇಲೂ ಬಾಂಬು ಬಿದ್ದದ್ದು ವಿಮಾನವಾಹಕಗಳಿಂದ ಹಾರಿಬಂದ ವಿಮಾನಗಳಿಂದ. ಆ ಹೊತ್ತಿಗೆ ಯಮಾಟೊ ಸ್ವದೇಶದ ನೀರಿನಲ್ಲಿತ್ತು.

ಜೂನ್ 1942ರ ಮಿಡ್‌ವೇ ಕದನಕ್ಕೆ ಯಮಾಮೊಟೊ ಯಮಾಟೊವನ್ನೇರಿ ಹೊರಟರು, ಆದರೆ ತಮ್ಮ ವಿಮಾನವಾಹಕಗಳಿಗಿಂತ ನೂರಾರು ಮೈಲಿ ಹಿಂದೆ. ಮುಂದೆ ನಾಲ್ಕು ವಿಮಾನವಾಹಕಗಳು ಉರಿದು ಮುಳುಗಿದಾಗ ಹಿಂದಿದ್ದ ಈ ಹಡಗು ಏನನ್ನೂ ಮಾಡುವಂತಿರಲಿಲ್ಲ. 27 ನಾಟ್‌ಗಳ ಅಂಕಿ ಇಲ್ಲಿ ಮತ್ತೆ ಎದುರಾಗುತ್ತದೆ: ಮೂವತ್ತು ನಾಟ್ ಮೀರಿ ಓಡುವ ವಿಮಾನವಾಹಕಗಳ ಜೊತೆಯಲ್ಲಿ ಸಾಗಿ ಅವುಗಳಿಗೆ ಕಾವಲಾಗುವುದು ಈ ಹಡಗಿಗೆ ಕಷ್ಟವಿತ್ತು. ಅಮೆರಿಕದ ಐಯೊವಾ ವರ್ಗದ ನೌಕೆಗಳು ಗುಂಡಿನ ತೂಕದಲ್ಲೂ ಕವಚದಲ್ಲೂ ಯಮಾಟೊಗಿಂತ ಕಡಿಮೆ, ಆದರೆ 33 ನಾಟ್ ವೇಗದವು. ಆ ವೇಗದಿಂದಾಗಿಯೇ ಅವು ವಿಮಾನವಾಹಕಗಳ ಪಕ್ಕದಲ್ಲಿ ವಿಮಾನನಿರೋಧಕ ಕಾವಲಾಗಿ ಹೊಸ ಕೆಲಸ ಕಂಡುಕೊಂಡವು; ಅವುಗಳಲ್ಲಿ ಎರಡು 1991ರ ಕೊಲ್ಲಿ ಯುದ್ಧದವರೆಗೂ ಗುಂಡು ಹಾರಿಸಿದವು.

1942ರ ಆಗಸ್ಟಿನಲ್ಲಿ ಯಮಾಟೊ ಮಧ್ಯ ಪೆಸಿಫಿಕ್‌ನ ಟ್ರಕ್ ದ್ವೀಪಸಮೂಹಕ್ಕೆ ಬಂದು, 1943ರ ಮೇ ತಿಂಗಳವರೆಗೆ ಬಹುತೇಕ ಅಲ್ಲಿಯೇ ಲಂಗರು ಹಾಕಿತ್ತು. ದಕ್ಷಿಣದಲ್ಲಿ ಗ್ವಾಡಲ್ಕನಾಲ್ ದ್ವೀಪಕ್ಕಾಗಿ ತಿಂಗಳುಗಟ್ಟಲೆ ಹೋರಾಟ ನಡೆಯುತ್ತಿದ್ದ ಸಮಯ ಅದು. ಅಲ್ಲಿನ ಅಮೆರಿಕದ ವಿಮಾನನೆಲೆಯ ಮೇಲೆ ಅಕ್ಟೋಬರಿನಲ್ಲಿ ಗುಂಡಿನ ಮಳೆಗರೆದದ್ದು ಕೊಂಗೊ ಮತ್ತು ಹರುನಾ. ನವೆಂಬರಿನಲ್ಲಿ ಹೋಗಿ ಮುಳುಗಿದ್ದು ಹಿಯೆಯಿ ಮತ್ತು ಕಿರಿಶಿಮಾ. ನಾಲ್ಕೂ ಒಂದನೆಯ ಮಹಾಯುದ್ಧದ ಕಾಲದವು, ಆಧುನೀಕರಿಸಿದ ಹಳೆಯ ಹಡಗುಗಳು. ಅವನ್ನೇ ಕಳಿಸಲು ಕಾರಣಗಳಿದ್ದವು: ಅವು ವೇಗದವು, ಯಮಾಟೊ ವಿಪರೀತ ಎಣ್ಣೆ ಕುಡಿಯುತ್ತಿತ್ತು, ನೆಲದ ಗುರಿಗಳಿಗೆ ಹೊಂದುವ ಗುಂಡುಗಳು ಅದರಲ್ಲಿರಲಿಲ್ಲ. ಈ ಎಲ್ಲ ಕಾರಣಗಳೂ ನಿಜವಿರಬಹುದು, ಆದರೆ ಅವುಗಳ ಅಡಿಯಲ್ಲಿದ್ದುದು ಇನ್ನೊಂದು. ಹಳೆಯ ಹಡಗು ಹೋದರೆ ಹೋಯಿತು. ಯಮಾಟೊ ಹೋದರೆ ನಿರ್ಣಾಯಕ ಕದನದ ಯೋಜನೆಯೇ ಹೋಗುತ್ತದೆ. ಯೋಜನೆಯನ್ನು ಒಂದೆರಡು ಹಡಗುಗಳ ಮೇಲೆ ಹೊರಿಸಿದ ಕೂಡಲೇ ಆ ಹಡಗುಗಳನ್ನು ಸಣ್ಣ ಅಪಾಯಕ್ಕೂ ಒಡ್ಡಲಾಗದ ಸ್ಥಿತಿ ಹುಟ್ಟಿತು. ಹವಾನಿಯಂತ್ರಣದಂಥ ಸೌಕರ್ಯಗಳಿದ್ದ ಈ ಹಡಗಿಗೆ ಇತರ ಹಡಗುಗಳ ನಾವಿಕರು ‘ಹೋಟೆಲ್ ಯಮಾಟೊ’ ಎಂದು ಹೆಸರಿಟ್ಟರು. ಮುಂಚೂಣಿಯಿಂದ ಹಿಂದಿರುಗುತ್ತಿದ್ದವರ ಬಾಯಲ್ಲಿ ಆ ಮಾತಿಗೆ ಎಷ್ಟು ಕಹಿಯಿದ್ದಿರಬೇಕೆಂದು ಊಹಿಸುವುದು ಕಷ್ಟವಲ್ಲ.

1943ರ ಡಿಸೆಂಬರ್ 25ರಂದು ಟ್ರಕ್ ಸಮೀಪದಲ್ಲಿ ಅಮೆರಿಕದ ಜಲಾಂತರ್ಗಾಮಿ ಸ್ಕೇಟ್ ಹಾರಿಸಿದ ಟಾರ್ಪೆಡೊ ಯಮಾಟೊದ ಬಲಬದಿಗೆ ಬಡಿಯಿತು. ಸುಮಾರು 3,000 ಟನ್ ನೀರು ಒಳನುಗ್ಗಿತು. ಮೇಲಿನ ಕವಚವೂ ಕೆಳಗಿನ ಕವಚವೂ ಕೂಡುವ ಜಾಗದ ಜೋಡಣೆ ದುರ್ಬಲವಾಗಿರುವುದು ಅಂದು ಬಯಲಾಯಿತು. ದುರಸ್ತಿ ನಡೆಯಿತು, ಆದರೆ ಮೂಲ ದೋಷವನ್ನು ಸರಿಪಡಿಸಬೇಕಾದರೆ ಹಡಗನ್ನೇ ಬಿಚ್ಚಿ ಕಟ್ಟಬೇಕಿತ್ತು.

ಒಂದು ಬೆಳಿಗ್ಗೆ

1944ರ ಅಕ್ಟೋಬರಿನಲ್ಲಿ ಫಿಲಿಪೀನ್ಸ್‌ನ ಲೇಟೆ ಕೊಲ್ಲಿಯ ಕಡೆಗೆ ಹೊರಟ ವೈಸ್ ಅಡ್ಮಿರಲ್ ಕುರಿಟಾ ಟಾಕಿಯೊ ಅವರ ಪಡೆಯಲ್ಲಿ ಯಮಾಟೊ, ಮುಸಾಶಿ ಎರಡೂ ಇದ್ದವು. 24ರಂದು ಸಿಬುಯಾನ್ ಸಮುದ್ರದಲ್ಲಿ ಅಲೆಯಲೆಯಾಗಿ ಬಂದ ವಿಮಾನಗಳು ಮುಸಾಶಿಯನ್ನು ಮುಳುಗಿಸಿದವು. ಅದು ಹತ್ತೊಂಬತ್ತರಷ್ಟು ಟಾರ್ಪೆಡೊಗಳನ್ನೂ ಹದಿನೇಳರಷ್ಟು ಬಾಂಬುಗಳನ್ನೂ ತಾಳಿಕೊಂಡ ಮೇಲೆ. ಗಾತ್ರದಿಂದ ದೊರೆತ ಸಹನಶಕ್ತಿಗೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ. ಆದರೆ ಟಾರ್ಪೆಡೊಗಳು ಎರಡೂ ಬದಿಗೆ ಹಂಚಿಹೋದದ್ದರಿಂದ ಹಡಗು ಬಹಳ ಹೊತ್ತು ನೆಟ್ಟಗೆ ನಿಂತಿತು ಎಂಬ ಪಾಠವನ್ನು ಅಮೆರಿಕದ ವೈಮಾನಿಕರು ಕಲಿತುಕೊಂಡರು.

ಮರುದಿನ ಬೆಳಿಗ್ಗೆ ಸಮಾರ್ ದ್ವೀಪದ ಬಳಿ ಕುರಿಟಾರ ಪಡೆಗೆ ಅನಿರೀಕ್ಷಿತವಾಗಿ ಎದುರಾದದ್ದು ಅಮೆರಿಕದ ಆರು ಸಣ್ಣ ಬೆಂಗಾವಲು ವಿಮಾನವಾಹಕಗಳು ಮತ್ತು ಏಳು ಕಾವಲು ಹಡಗುಗಳು. ಯಮಾಟೊ ತನ್ನ ಒಂಬತ್ತು ಫಿರಂಗಿಗಳನ್ನು ಶತ್ರುವಿನ ಹಡಗುಗಳತ್ತ ತಿರುಗಿಸಿದ ಏಕೈಕ ಸಂದರ್ಭ ಇದು. ನೂರಕ್ಕೂ ಸ್ವಲ್ಪ ಹೆಚ್ಚು ಗುಂಡುಗಳನ್ನು ಅದು ಹಾರಿಸಿತು. ತಮ್ಮ ವಿಮಾನವಾಹಕಗಳನ್ನು ಉಳಿಸಲು ಅಮೆರಿಕದ ವಿನಾಶಕ ನೌಕೆಗಳು ಹೊಗೆಯ ಪರದೆ ಹಬ್ಬಿಸಿ, ನೇರವಾಗಿ ನುಗ್ಗಿ ಟಾರ್ಪೆಡೊ ಬಿಟ್ಟವು. ಯಮಾಟೊ ಅವುಗಳನ್ನು ತಪ್ಪಿಸಿಕೊಳ್ಳಲು ಬೆನ್ನು ತಿರುಗಿಸಿತು. ಎರಡೂ ಪಕ್ಕದಲ್ಲಿ ಸಮಾನಾಂತರವಾಗಿ ಓಡುತ್ತಿದ್ದ ಟಾರ್ಪೆಡೊಗಳ ನಡುವೆ ಸಿಕ್ಕಿ, ಸುಮಾರು ಹತ್ತು ನಿಮಿಷ ಕದನದಿಂದ ದೂರಕ್ಕೆ ಓಡಬೇಕಾಯಿತು. ಅಮೆರಿಕದ ಒಂದು ವಿಮಾನವಾಹಕವೂ ಮೂರು ಕಾವಲು ಹಡಗುಗಳೂ ಜಪಾನಿ ಪಡೆಯ ಗುಂಡುಗಳಿಗೆ ಮುಳುಗಿದವು. ಆದರೆ ಎದುರಿಗೆ ದೊಡ್ಡ ಪಡೆಯೇ ಇದೆಯೆಂದು ಭಾವಿಸಿದ್ದ ಕುರಿಟಾ ಒಂಬತ್ತು ಗಂಟೆಯ ಬಳಿಕ ಕಾಳಗ ನಿಲ್ಲಿಸಿದರು. 72,000 ಟನ್ನಿನ ಹಡಗನ್ನು ಎರಡು ಸಾವಿರ ಟನ್ನಿನ ಹಡಗುಗಳು ಹಿಮ್ಮೆಟ್ಟಿಸಿದವು ಎಂದು ಹೇಳುವುದು ಉತ್ಪ್ರೇಕ್ಷೆ. ಅವು ಅದರ ಹತ್ತು ನಿಮಿಷಗಳನ್ನು ಕಸಿದುಕೊಂಡವು, ಆ ಬೆಳಿಗ್ಗೆ ಅದು ಸಣ್ಣ ನಷ್ಟವಾಗಿರಲಿಲ್ಲ.

ಕೊನೆಯ ಯಾನ

ಇದೇ ವರ್ಗದ ಮೂರನೆಯ ನೌಕೆ ಶಿನಾನೊವನ್ನು ಕಟ್ಟುವ ನಡುವೆಯೇ ವಿಮಾನವಾಹಕವಾಗಿ ಮಾರ್ಪಡಿಸಲಾಗಿತ್ತು. ಸೇವೆಗೆ ಸೇರಿದ ಹತ್ತೇ ದಿನಕ್ಕೆ, 1944ರ ನವೆಂಬರ್ 29ರಂದು, ಒಂದು ಜಲಾಂತರ್ಗಾಮಿಯ ನಾಲ್ಕು ಟಾರ್ಪೆಡೊಗಳಿಗೆ ಅದು ಮುಳುಗಿತು. 1945ರ ಏಪ್ರಿಲ್ 1ರಂದು ಅಮೆರಿಕದ ಸೈನ್ಯ ಒಕಿನಾವಾದಲ್ಲಿ ಇಳಿದಾಗ ಜಪಾನಿನ ಬಳಿ ಎಣ್ಣೆ ಇರಲಿಲ್ಲ, ನುರಿತ ವೈಮಾನಿಕರು ಇರಲಿಲ್ಲ, ಯಮಾಟೊ ಮಾತ್ರ ಇತ್ತು. ವಿಮಾನಗಳ ಆತ್ಮಾಹುತಿ ದಾಳಿಯ ಯೋಜನೆಯನ್ನು ವಿವರಿಸಿದಾಗ, ನೌಕಾಪಡೆ ಏನು ಮಾಡುತ್ತಿದೆ ಎಂಬರ್ಥದ ಪ್ರಶ್ನೆ ಚಕ್ರವರ್ತಿಯಿಂದ ಬಂದಿತೆಂದು ಹೇಳಲಾಗುತ್ತದೆ. ಯಮಾಟೊ ಒಕಿನಾವಾದವರೆಗೆ ಹೋಗಿ, ದಡಕ್ಕೆ ಹತ್ತಿಸಿಕೊಂಡು, ಗುಂಡು ಮುಗಿಯುವವರೆಗೆ ಹೋರಾಡಬೇಕೆಂದು ಆಜ್ಞೆಯಾಯಿತು. ಮೇಲೆ ಕಾವಲು ವಿಮಾನಗಳಿಲ್ಲ. ಪಡೆಯ ನಾಯಕ ವೈಸ್ ಅಡ್ಮಿರಲ್ ಇಟೊ ಸೆಯಿಚಿ ಮತ್ತು ಹಡಗುಗಳ ಕಪ್ತಾನರು ಇದನ್ನು ವ್ಯರ್ಥವೆಂದು ವಿರೋಧಿಸಿದರು. ಕೇಂದ್ರ ಕಾರ್ಯಾಲಯದಿಂದ ಕುಸಾಕಾ ರ‍್ಯುನೊಸುಕೆ ಖುದ್ದಾಗಿ ಬಂದು ಒಪ್ಪಿಸಬೇಕಾಯಿತು. ತರಬೇತಿ ಮುಗಿಸಿ ಆಗಷ್ಟೇ ಹಡಗೇರಿದ್ದ ಯುವ ಕೆಡೆಟ್‌ಗಳನ್ನು ಹೊರಡುವ ಮೊದಲು ದಡಕ್ಕೆ ಇಳಿಸಲಾಯಿತು. ನಿಗದಿಗಿಂತ ಹೆಚ್ಚು ಎಣ್ಣೆಯನ್ನು ತೊಟ್ಟಿಗಳ ತಳದಿಂದ ಬಳಿದು ತುಂಬಿದ್ದರಿಂದ, ಹೋಗುವಷ್ಟೇ ಎಣ್ಣೆ ಕೊಟ್ಟರು ಎಂಬ ಪ್ರಚಲಿತ ಕಥೆ ಪೂರ್ತಿ ಸರಿಯಲ್ಲ.

ಏಪ್ರಿಲ್ 6ರಂದು ಲಘು ಕ್ರೂಸರ್ ಯಹಾಗಿ ಮತ್ತು ಎಂಟು ವಿನಾಶಕ ನೌಕೆಗಳೊಂದಿಗೆ ಯಮಾಟೊ ಹೊರಟಿತು. ಅಂದೇ ಅಮೆರಿಕದ ಜಲಾಂತರ್ಗಾಮಿಗಳ ಕಣ್ಣಿಗೆ ಬಿತ್ತು. ಮರುದಿನ ಮಧ್ಯಾಹ್ನ ಹನ್ನೆರಡೂವರೆಯ ಸುಮಾರಿಗೆ ಅಮೆರಿಕದ ವೈಸ್ ಅಡ್ಮಿರಲ್ ಮಿಚರ್ ಕಳಿಸಿದ ವಿಮಾನಗಳ ಮೊದಲ ಅಲೆ ಬಂತು. 1941ರಲ್ಲಿ ಹಡಗಿನ ಮೇಲೆ ಇಪ್ಪತ್ತನಾಲ್ಕು ಇದ್ದ 25 ಮಿಲಿಮೀಟರ್ ವಿಮಾನನಿರೋಧಕ ತೋಪುಗಳು ಈಗ ನೂರೈವತ್ತರಷ್ಟಾಗಿದ್ದವು. ಮೋಡ ಕವಿದ ಆಕಾಶದಿಂದ ಒಮ್ಮೆಲೇ ಇಳಿದ ವಿಮಾನಗಳ ಎದುರು ಅವು ಹೆಚ್ಚೇನೂ ಮಾಡಲಿಲ್ಲ. ಮುಸಾಶಿಯ ಪಾಠದಂತೆ ಟಾರ್ಪೆಡೊಗಳನ್ನು ಬಹುಪಾಲು ಎಡಬದಿಗೇ ಗುರಿಯಿಡಲಾಯಿತು. ಹಡಗು ವಾಲದಂತೆ ತಡೆಯಲು ಬಲಬದಿಯ ಯಂತ್ರಕೋಣೆಗಳಿಗೆ, ಒಳಗೆ ಕೆಲಸ ಮಾಡುತ್ತಿದ್ದ ನಾವಿಕರಿರುವಾಗಲೇ, ನೀರು ತುಂಬಿಸಲಾಯಿತು. ಎರಡು ಗಂಟೆಗೂ ಕಡಿಮೆ ಅವಧಿಯಲ್ಲಿ ಹತ್ತರಷ್ಟು ಟಾರ್ಪೆಡೊಗಳೂ ಹಲವು ಬಾಂಬುಗಳೂ ತಗುಲಿ, 2 ಗಂಟೆ 23 ನಿಮಿಷಕ್ಕೆ ಮಗುಚಿದ ಹಡಗಿನ ಮದ್ದುಗುಂಡಿನ ಕೋಣೆಗಳು ಸಿಡಿದು, ಕಿಲೋಮೀಟರುಗಳೆತ್ತರಕ್ಕೆ ಹೊಗೆ ಎದ್ದಿತು. ಹಡಗಿನಲ್ಲಿದ್ದ ಸುಮಾರು 3,300 ಮಂದಿಯಲ್ಲಿ 3,000ಕ್ಕೂ ಹೆಚ್ಚು ಜನ ಸತ್ತರು. ಕಪ್ತಾನ ಅರುಗಾ ಕೊಸಾಕು ಹಾಗೂ ಇಟೊ ಇಬ್ಬರೂ ಹಡಗಿನೊಂದಿಗೆ ಹೋದರು. ಸಾಯುವ ಮೊದಲು ಇಟೊ ಯಾನವನ್ನು ರದ್ದುಪಡಿಸಿ, ಬದುಕುಳಿದವರನ್ನು ಎತ್ತಿಕೊಂಡು ಮರಳಲು ಆಜ್ಞೆಯಿತ್ತದ್ದರಿಂದ ನಾಲ್ಕು ವಿನಾಶಕ ನೌಕೆಗಳು ಉಳಿದವು. ಅಮೆರಿಕ ಕಳೆದುಕೊಂಡದ್ದು ಹತ್ತು ವಿಮಾನ, ಹನ್ನೆರಡು ಜನ. ನನ್ನ ಮಟ್ಟಿಗೆ ಆ ಇಡೀ ಯಾನದಲ್ಲಿ ಸೈನಿಕ ವಿವೇಕ ಕಾಣುವ ನಿರ್ಧಾರಗಳು ಎರಡೇ: ಕೆಡೆಟ್‌ಗಳನ್ನು ಇಳಿಸಿದ್ದು ಮತ್ತು ಇಟೊ ಅವರ ಕೊನೆಯ ಆಜ್ಞೆ.

ಉಳಿದುಬಂದದ್ದು

ಯುದ್ಧಕಾಲದಲ್ಲಿ ಜನರಿಗೆ ಗೊತ್ತೇ ಇರದಿದ್ದ ಹೆಸರು ಯುದ್ಧಾನಂತರದ ಜಪಾನಿನಲ್ಲಿ ಮನೆಮಾತಾಯಿತು. ಮುಳುಗಿದ ಹಡಗು ಬಾಹ್ಯಾಕಾಶ ನೌಕೆಯಾಗಿ ಮರುಹುಟ್ಟು ಪಡೆಯುವ ಕಾರ್ಟೂನ್ ಸರಣಿಯೊಂದು 1974ರಲ್ಲಿ ದೂರದರ್ಶನದಲ್ಲಿ ಬಂದು, ಒಂದು ತಲೆಮಾರಿನ ಮಕ್ಕಳಿಗೆ ಆ ಹೆಸರನ್ನು ಕಲಿಸಿತು. 1985ರಲ್ಲಿ ಸುಮಾರು 340 ಮೀಟರ್ ಆಳದಲ್ಲಿ ಎರಡು ತುಂಡಾಗಿ ಬಿದ್ದಿದ್ದ ಅವಶೇಷವನ್ನು ಗುರುತಿಸಲಾಯಿತು. 2005ರಲ್ಲಿ ತೆರೆದ ಕುರೆ ನಗರದ ವಸ್ತುಸಂಗ್ರಹಾಲಯದಲ್ಲಿ ಹತ್ತನೆಯ ಒಂದು ಅಳತೆಯ, 26.3 ಮೀಟರ್ ಉದ್ದದ ಮಾದರಿಯನ್ನು ಇರಿಸಿದ್ದಾರೆ.

ಯಮಾಟೊ ಕಟ್ಟಿದ ತಂತ್ರಜ್ಞಾನವೇ ಯುದ್ಧಾನಂತರದ ಜಪಾನನ್ನು ಹಡಗು ನಿರ್ಮಾಣದಲ್ಲಿ ಮುಂದಕ್ಕೆ ತಂದಿತು ಎಂಬ ಮಾತು ಅಲ್ಲಿ ಆಗಾಗ ಕೇಳಿಬರುತ್ತದೆ. ಇದನ್ನು ಬಿಡಿಸಿ ನೋಡಬೇಕು. ಮುಂಭಾಗದ ತಳದಲ್ಲಿ ನೀರಿನೊಳಗೆ ಚಾಚಿಕೊಂಡ ಉಬ್ಬು ಮೂತಿಯಿಂದ ಅಲೆಯ ಪ್ರತಿರೋಧ ಕಡಿಮೆಯಾಗುತ್ತದೆ ಎಂಬುದನ್ನು ಮಾದರಿಗಳನ್ನು ತೊಟ್ಟಿಯಲ್ಲಿ ಎಳೆದು ಪರೀಕ್ಷಿಸಿ ಅಳವಡಿಸಿದ್ದು ನಿಜ, ಇಂದು ದೊಡ್ಡ ಸರಕು ಹಡಗುಗಳಲ್ಲಿ ಅಂಥ ಮೂತಿ ಸಾಮಾನ್ಯ. ಆದರೆ ಇತರ ದೇಶಗಳ ಹಡಗುಗಳಲ್ಲೂ ಅದು ಆಗಲೇ ಇತ್ತು. ಬೆಸುಗೆಯ ವಿಷಯದಲ್ಲಂತೂ ಯಮಾಟೊ ಮುಂದಾಳಲ್ಲ: 1935ರ ಚಂಡಮಾರುತದಲ್ಲಿ ಜಪಾನಿನ ಬೆಸುಗೆ ಹಾಕಿದ ಹಡಗುಗಳಿಗೆ ಹಾನಿಯಾದ ಮೇಲೆ, ಯಮಾಟೊದ ಮುಖ್ಯ ಒಡಲನ್ನು ರಿವೆಟ್ ಹೊಡೆದೇ ಕೂಡಿಸಲಾಯಿತು. ನಿಜವಾಗಿ ದಾಟಿಬಂದದ್ದು ಕೆಲಸ ನಡೆಸುವ ರೀತಿ. ಕುರೆಯ ಎಂಜಿನಿಯರ್ ನಿಶಿಜಿಮಾ ರ‍್ಯೋಜಿ ಸಾಮಗ್ರಿಗಳನ್ನು ಪ್ರಮಾಣೀಕರಿಸಿ, ಕೆಲಸದ ಗಂಟೆಗಳನ್ನು ಲೆಕ್ಕವಿಟ್ಟು, ಒಳಗಿನ ಜೋಡಣೆಯನ್ನು ಆದಷ್ಟು ಬೇಗ ಆರಂಭಿಸುವ ಕ್ರಮವನ್ನು ರೂಢಿಗೆ ತಂದಿದ್ದರು.

1951ರಲ್ಲಿ ಆ ಹಡಗುಕಟ್ಟೆಯ ಒಂದು ಭಾಗವನ್ನು ಅಮೆರಿಕದ ಹಡಗು ಉದ್ಯಮಿ ಡೇನಿಯಲ್ ಲುಡ್ವಿಗ್ ಅವರ ನ್ಯಾಷನಲ್ ಬಲ್ಕ್ ಕ್ಯಾರಿಯರ್ಸ್ ಗುತ್ತಿಗೆಗೆ ಪಡೆಯಿತು; ಅಷ್ಟು ದೊಡ್ಡ ಡಾಕ್ ಬೇರೆಡೆ ಸಿಗುವುದು ವಿರಳವಾಗಿತ್ತು. ಆ ಕಂಪನಿಯ ಎಲ್ಮರ್ ಹಾನ್ ಅಮೆರಿಕದ ಯುದ್ಧಕಾಲದ ಹಡಗುಕಟ್ಟೆಗಳಿಂದ ಬೆಸುಗೆಯನ್ನೂ, ಹಡಗನ್ನು ಭಾಗಭಾಗವಾಗಿ ಕಟ್ಟಿ ಕೂಡಿಸುವ ಪದ್ಧತಿಯನ್ನೂ ತಂದರು; ಶಿಂಟೊ ಹಿಸಾಶಿ ಅಂಥ ಜಪಾನಿ ಎಂಜಿನಿಯರರು ಅದನ್ನು ಕಲಿತು ಕುರೆಯ ಯೋಜನಾಕ್ರಮದೊಂದಿಗೆ ಬೆಸೆದರು. 1956ರ ಹೊತ್ತಿಗೆ ಜಪಾನ್ ಹಡಗು ನಿರ್ಮಾಣದಲ್ಲಿ ಜಗತ್ತಿನ ಮೊದಲ ಸ್ಥಾನಕ್ಕೆ ಬಂತು. ಒಂದು ಲಕ್ಷ ಟನ್ ಸರಕು ಹೊರುವ ಸಾಮರ್ಥ್ಯವನ್ನು ಮೀರಿದ ಜಗತ್ತಿನ ಮೊದಲ ಎಣ್ಣೆ ಹಡಗು ಯೂನಿವರ್ಸ್ ಅಪೊಲೊ 1950ರ ದಶಕದ ಕೊನೆಗೆ ಕುರೆಯಲ್ಲೇ ಸಿದ್ಧವಾಯಿತು. ಇದರ ಶ್ರೇಯಸ್ಸಿನಲ್ಲಿ 46 ಸೆಂಟಿಮೀಟರಿನ ಫಿರಂಗಿಗಳಿಗಾಗಲಿ, 650 ಮಿಲಿಮೀಟರಿನ ಕವಚಕ್ಕಾಗಲಿ ಪಾಲಿಲ್ಲ. ಪಾಲಿರುವುದು ಆಳವಾಗಿ ತೋಡಿದ ಡಾಕ್‌ಗೆ, ದೊಡ್ಡ ಕ್ರೇನುಗಳಿಗೆ ಮತ್ತು ಸಮಯಕ್ಕೆ ಸರಿಯಾಗಿ ಕೆಲಸ ಮುಗಿಸಲು ಕಲಿತಿದ್ದ ಸಾವಿರಾರು ಕಾರ್ಮಿಕರಿಗೆ. ಅದೇ ಡಾಕ್‌ನಲ್ಲಿ ಅದೇ ಎಂಜಿನಿಯರರು ಸಾಧಾರಣ ಗಾತ್ರದ ಎರಡು ವಿಮಾನವಾಹಕಗಳನ್ನು ಕಟ್ಟಿದ್ದರೂ ಈ ಪಾಲಿನ ಬಹುಭಾಗ ಉಳಿದೇ ಬರುತ್ತಿತ್ತು.